ಮಧ್ಯಾಹ್ನ ಎರಡು ಗಂಟೆಯ ಬೈಗುಳ

ಮಾರ್ಚ್ 3, ಸೋಮವಾರ

ಇವತ್ತಿನಿಂದ ಹೋಮ್ ನರ್ಸ್ ಬಂದ. ಏಜೆನ್ಸಿಯ ಹೆಂಗಸು ಫೋನಿನಲ್ಲಿ ಅನುಭವಸ್ಥ, ತಾಳ್ಮೆಯವನು ಎಂದೆಲ್ಲ ಹೇಳಿದ್ದಳು. ಆಚೆ ದಡದವನು ಎಂದು ಮಾತ್ರ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತು ಎರಡು ಮಾತಾಡಿದ ಕೂಡಲೇ ನನಗೆ ಗೊತ್ತಾಯಿತು. ಹೊಳೆಯ ಆಚೆಯವರು ಮಾತಿನ ಕೊನೆಯನ್ನು ಸ್ವಲ್ಪ ಎಳೆಯುತ್ತಾರೆ, ಇನ್ನೂ ಏನೋ ಹೇಳುವುದು ಬಾಕಿ ಇದೆ ಎನ್ನುವ ಹಾಗೆ. ಐವತ್ತು ದಾಟಿದ ಮನುಷ್ಯ. ಕುಳ್ಳು, ದಪ್ಪ ಕೈ, ಇಸ್ತ್ರಿ ಮಾಡಿದ ಅಂಗಿ. ಸದಾ ನಗುಮುಖ. ಅಷ್ಟು ನಗುವಂಥದ್ದು ನಮ್ಮ ಮನೆಯಲ್ಲಿ ಏನಿದೆಯೋ ನನಗೆ ತಿಳಿಯಲಿಲ್ಲ.

ನನಗೇನೂ ಇಲ್ಲ. ಯಾರು ಯಾವ ದಡದವರಾದರೆ ನನಗೇನು? ಕಾಲೇಜಿನಲ್ಲಿ ಆಚೆ ದಡದ ಗೆಳತಿಯ ಡಬ್ಬಿಯಲ್ಲಿ ಕೈಹಾಕಿ ಉಂಡವಳು ನಾನು. ಅವಳು ಒಂದು ದಿನ ಮನೆಗೆ ಬಂದಾಗ ಅಪ್ಪ ಅವಳನ್ನು ಹೊಸ್ತಿಲ ಆಚೆಯೇ ನಿಲ್ಲಿಸಿ ಮಾತಾಡಿಸಿ ಕಳಿಸಿದ. ಆಮೇಲೆ ಅವಳು ನನ್ನ ಪಕ್ಕ ಕೂರುವುದನ್ನೇ ಬಿಟ್ಟಳು. ಅದಕ್ಕೆ ನಾನು ಅಪ್ಪನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದೆ. ಅಪ್ಪ ರೈಲಿನಲ್ಲಿ ಮೂವತ್ತನಾಲ್ಕು ವರ್ಷ ಟಿಕೆಟ್ ತಪಾಸಣೆ ಮಾಡಿದವನು. ಎಲ್ಲರ ಟಿಕೆಟ್ ಒಂದು ಸಲ ನೋಡಿದರೆ ಆಚೆ ದಡದವರದ್ದು ಎರಡು ಸಲ ನೋಡುತ್ತಿದ್ದ. ಮನೆಗೆ ಬಂದು ಅದನ್ನು ಹೆಮ್ಮೆಯಿಂದ ಹೇಳುತ್ತಲೂ ಇದ್ದ.

ಈಗ ಅಪ್ಪನಿಗೆ ಬಯ್ಯುವುದಕ್ಕೆ ಬಾಯಿಯೇ ಇಲ್ಲ. ಸ್ಟ್ರೋಕ್ ಆಗಿ ಆರು ವಾರ. ಬಲಗೈ, ಬಲಗಾಲು ಸೋತಿವೆ, ಮಾತು ಹೋಗಿದೆ. ಉಳಿದಿರುವುದು ಮೂರು ಪದ: ಬೇಡ, ಆಮೇಲೆ, ಛೆ. ಹೋಮ್ ನರ್ಸನ್ನು ನೋಡಿ ಮೂರನ್ನೂ ಹೇಳಿದ.

ಮಾರ್ಚ್ 5, ಬುಧವಾರ

ಅಕ್ಕ ದೂರದ ಊರಿನಿಂದ ಫೋನ್ ಮಾಡಿದ್ದಳು. ಯಾವ ದಡದವನು ಎಂದು ಕೇಳಿದಳು. ಹೇಳಿದೆ. ನೀನು ಮನೆಯಲ್ಲಿಲ್ಲದ ಹೊತ್ತೇ ಜಾಸ್ತಿ, ನೋಡಿಕೋ ಎಂದಳು. ಕಾಲ ಬದಲಾಗಿದೆ, ನೀನು ಅಪ್ಪನ ಹಾಗೆ ಮಾತಾಡಬೇಡ ಎಂದು ನಾನೇ ಅವಳಿಗೆ ಬುದ್ಧಿ ಹೇಳಿದೆ.

ಫೋನ್ ಇಟ್ಟ ಮೇಲೆ ಬೀರುವಿನ ಬೀಗದ ಕೈಯನ್ನು ಕೈಚೀಲಕ್ಕೆ ಹಾಕಿಕೊಂಡೆ. ಇದು ಅನುಮಾನವಲ್ಲ, ಜಾಗ್ರತೆ.

ಬೆಳಿಗ್ಗೆ ನಾನು ಪ್ರೆಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಅವನು ಒಂದು ಕಾಗದ ಹಿಡಿದು ಬಂದ. ಆಸ್ಪತ್ರೆಯ ಮಾತಿನ ಡಾಕ್ಟರು ಕಳಿಸಿದ್ದಂತೆ, ಸಹಿ ಬೇಕಂತೆ. ಟಿವಿಯ ವಿಷಯ ಏನೋ ಹೇಳತೊಡಗಿದ. ಮೊದಲೇ ಬಸ್ಸು ತಪ್ಪುವ ಹೊತ್ತು. “ಟಿವಿ ನೋಡ್ಕೋ, ಬೇಡ ಅನ್ನಲ್ಲ. ಅಪ್ಪನ್ನ ನೋಡ್ಕೊಳ್ಳೋದು ಮರೀಬೇಡ” ಎಂದು ಚಪ್ಪಲಿಯ ಗೂಡಿನ ಮೇಲೆ ಕಾಗದ ಇಟ್ಟು ಸಹಿ ಹಾಕಿ ಹೊರಟೆ. ಅವನು ನಕ್ಕ. ಯಾಕೆ ನಕ್ಕ?

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಹೊರಡುವಾಗ ಬೀರುವಿನ ಹಿಡಿಗೆ ಒಂದು ಎಳೆ ದಾರ ಸಿಕ್ಕಿಸಿ ಹೋಗಿದ್ದೆ. ಸಂಜೆ ಬಂದು ನೋಡಿದರೆ ದಾರ ನೆಲದ ಮೇಲಿತ್ತು. ಬೀರು ತೆಗೆದು ಪ್ರತಿಯೊಂದು ಸಾಮಾನನ್ನೂ ನೋಡಿದೆ. ಎಲ್ಲ ಇದ್ದಲ್ಲೇ ಇತ್ತು. ಹಾಸಿಗೆಯ ಮೇಲೆ ಕೂತು ಯೋಚಿಸಿದಾಗ ನೆನಪಾಯಿತು: ದಾರ ಸಿಕ್ಕಿಸಿದ ಮೇಲೆ ಕರವಸ್ತ್ರಕ್ಕೆಂದು ಬೀರು ತೆಗೆದವಳು ನಾನೇ.

ಆದರೂ ಏನೋ ಇದೆ. ನಾನು ಒಳಗೆ ಬರುವಾಗ ಅವರಿಬ್ಬರೂ ಸುಮ್ಮನಾಗುತ್ತಾರೆ. ಅಪ್ಪನ ಮುಖ ಕೆಂಪಗಿರುತ್ತದೆ, ಕಣ್ಣು ಹೊಳೆಯುತ್ತಿರುತ್ತದೆ. ಮೂರು ಪದದ ಮನುಷ್ಯ ಸುಮ್ಮನಾಗುವುದು ಎಂದರೇನು? ಸುಮ್ಮನಾಗಬೇಕಾದರೆ ಮೊದಲು ಮಾತಾಡುತ್ತಿರಬೇಕಲ್ಲ.

ಪ್ರೆಸ್ಸಿನಲ್ಲಿ ನನ್ನ ಕೆಲಸವೇ ಇದು. ಶಾಲೆ ಪುಸ್ತಕಗಳ ಕರಡು ತಿದ್ದುವುದು. ಇಪ್ಪತ್ತು ವರ್ಷದಿಂದ ದಿನಕ್ಕೆ ನಲವತ್ತು ಪುಟ. ಎಲ್ಲ ಸರಿಯಾಗಿರುವ ಪುಟ ಕಂಡರೆ ನನಗೆ ಮೈ ಉರಿಯುತ್ತದೆ, ತಪ್ಪು ಇದ್ದೇ ಇರುತ್ತದೆ, ನನ್ನ ಕಣ್ಣಿಗೆ ಬಿದ್ದಿಲ್ಲ ಅಷ್ಟೆ.

ಮಾರ್ಚ್ 16, ಭಾನುವಾರ

ಭಾನುವಾರ ಅವನಿಗೆ ರಜೆ. ಮಧ್ಯಾಹ್ನ ಅಪ್ಪನಿಗೆ ಊಟ ಮಾಡಿಸಿ ಟಿವಿ ಹಾಕಿದೆ. ನೇರ ಹಳೆಯ ಕಾರ್ಯಕ್ರಮಗಳ ಚಾನೆಲ್ ಬಂತು. ಎರಡು ಗಂಟೆಗೆ ‘ಮನೆ ಖಾಲಿ ಇಲ್ಲ’.

ನಾನು ಚಿಕ್ಕವಳಿದ್ದಾಗ ಇದು ವಾರಕ್ಕೊಮ್ಮೆ ಬರುತ್ತಿತ್ತು. ಒಬ್ಬ ಮನೆ ಓನರ್, ದಪ್ಪ ಹುಬ್ಬಿನವನು, ಹಾರುವ ಕಾಗೆಯ ಮೇಲೂ ಅನುಮಾನ. ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಆಚೆ ದಡದ ಒಬ್ಬ ಮೇಷ್ಟ್ರು. ವಾರ ವಾರವೂ ಓನರ್ ಮೇಷ್ಟ್ರನ್ನು ಬಿಡಿಸಲು ಒಂದು ನೆಪ ಹುಡುಕಿಕೊಂಡು ಮೆಟ್ಟಿಲು ಹತ್ತುತ್ತಾನೆ, ವಾರ ವಾರವೂ ಮೇಷ್ಟ್ರ ತಣ್ಣನೆಯ ಒಂದು ಮಾತಿಗೆ ಸೋತು ಇಳಿದು ಹೋಗುತ್ತಾನೆ. ‘ನಿಮ್ಮ ದಡದೋರಿಗೆ ಮನೆ ಕೊಟ್ರೆ ಬಾಗಿಲಿಗೆ ಚಿಲಕಾನೂ ಉಳಿಯಲ್ಲ’ ಎನ್ನುತ್ತಾನೆ ಓನರ್. ‘ಚಿಲಕ ನಾನು ಬರೋಕೆ ಮೊದಲೇ ಇರ್ಲಿಲ್ಲ ಸ್ವಾಮಿ, ಹಾಕ್ಸಿ ಅಂತ ಮೂರು ತಿಂಗಳಿಂದ ಕೇಳ್ತಾ ಇದೀನಿ’ ಎನ್ನುತ್ತಾರೆ ಮೇಷ್ಟ್ರು.

ಓನರ್ ಬಯ್ದಾಗ ಅಪ್ಪ ನಗುತ್ತಿದ್ದ. ಮೇಷ್ಟ್ರು ಉತ್ತರ ಕೊಟ್ಟಾಗ ಅಮ್ಮ, ಅಕ್ಕ, ನಾನು ನಗುತ್ತಿದ್ದೆವು. ಎಲ್ಲರೂ ಒಟ್ಟಿಗೆ ಕೂತು ನಗುತ್ತಿದ್ದೇವೆ ಎಂದು ಅಪ್ಪ ಅಂದುಕೊಂಡಿದ್ದ. ‘ಇದನ್ನ ನಿಮ್ಮಪ್ಪನ್ನ ಕೂರಿಸ್ಕೊಂಡು ಬರೆದಿದಾರೆ’ ಎಂದು ಅಮ್ಮ ಅಡುಗೆಮನೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಹೇಳುತ್ತಿದ್ದಳು. ಅಮ್ಮ ಸಾಯುವ ತನಕ ಆ ಮನುಷ್ಯನ ಜೊತೆ ಬಾಳಿದ್ದು ವಾರಕ್ಕೆ ಆ ಅರ್ಧ ಗಂಟೆಯ ಬಲದಿಂದ ಇರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇವತ್ತು ನೋಡುವಾಗ ಅಪ್ಪನ ತುಟಿ ಅಲುಗುತ್ತಿತ್ತು. ಜೊಲ್ಲು ಸುರಿಯುತ್ತಿದೆ ಎಂದುಕೊಂಡು ಒರೆಸಿದೆ. ಅಪ್ಪ ಛೆ ಎಂದ.

ಒಂದು ವಿಷಯ ಮಾತ್ರ ತಲೆಯಲ್ಲಿ ಕೊರೆಯುತ್ತಿದೆ. ಆ ಚಾನೆಲ್ ಇಟ್ಟವನು ಅವನೇ ತಾನೆ. ತನ್ನವರನ್ನು ಬಯ್ಯುವ ಸೀರಿಯಲ್ಲನ್ನು ಆಚೆ ದಡದವನೊಬ್ಬ ದಿನಾ ಯಾಕೆ ಹಾಕಿಕೊಂಡು ಕೂರಬೇಕು? ಅಪ್ಪನಿಗೆ ಏನನ್ನಾದರೂ ತೋರಿಸಿಕೊಡುತ್ತಿದ್ದಾನೆಯೇ? ನೋಡು, ನೀನು ಹೀಗಿದ್ದೆ, ಈಗ ನನ್ನ ಕೈಯಲ್ಲಿ ಊಟ ಮಾಡುತ್ತಿದ್ದೀಯ ಅಂತಲೇ?

ಮಾರ್ಚ್ 21, ಶುಕ್ರವಾರ

ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಪ್ರೆಸ್ಸಿನಲ್ಲಿ ಯಂತ್ರ ಕೆಟ್ಟು ಮಧ್ಯಾಹ್ನ ಎಲ್ಲರನ್ನೂ ಮನೆಗೆ ಕಳಿಸಿದರು. ಎರಡೂವರೆಗೆ ಮೆಟ್ಟಿಲು ಹತ್ತುತ್ತಿದ್ದೆ. ಒಳಗಿನಿಂದ ಗಂಡಸಿನ ದನಿ ಕೇಳಿತು. ಒರಟು ದನಿ, ಗಂಟಲಲ್ಲಿ ಮರಳು ಇದ್ದ ಹಾಗೆ. ಎರಡು ತಿಂಗಳಿಂದ ಕೇಳದ ದನಿ. ಅಪ್ಪ ಮಾತಾಡುತ್ತಿದ್ದ.

“ನಿಮ್ಮ ದಡದೋರನ್ನ ನಂಬೋದೂ ಒಂದೇ, ತೂತು ಬಿಂದಿಗೇಲಿ ನೀರು ಹೊರೋದೂ ಒಂದೇ. ಕಟ್ಟು ಗಂಟು, ಇಳಿ ಕೆಳಗೆ.”

ಇಡೀ ವಾಕ್ಯ. ಒಂದಲ್ಲ, ಎರಡು. ನಾನು ಮೆಟ್ಟಿಲ ಮೇಲೇ ನಿಂತೆ. ಖುಷಿಪಡಬೇಕಿತ್ತು, ಪಟ್ಟೆ ಕೂಡ, ಒಂದು ಕ್ಷಣ. ಆಮೇಲೆ ಹೋಮ್ ನರ್ಸಿನ ದನಿ ಕೇಳಿತು. ಇನ್ನೊಂದು ಸಲ ಸ್ವಾಮಿ, ಇನ್ನೂ ಜೋರಾಗಿ, ಅದೇ ಸಿಟ್ಟಿನಲ್ಲಿ ಬಯ್ಯಿ ಎಂದು ಕೇಳುತ್ತಿದ್ದ. ಅಪ್ಪ ಮತ್ತೆ ಬಯ್ದ. ಅವನು ನಕ್ಕ. ಕಿಟಕಿಯಿಂದ ಇಣುಕಿದೆ. ಟಿವಿ ಆರಿತ್ತು. ಅಪ್ಪ ಕುರ್ಚಿಯಲ್ಲಿದ್ದ. ಅವನು ಎದುರಿಗೆ ಸ್ಟೂಲಿನ ಮೇಲೆ ಕೂತು ಮೊಬೈಲನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದಿದ್ದ.

ನನಗೆ ಎಲ್ಲ ಅರ್ಥವಾಯಿತು. ಮಾತು ಬಾರದ ಮುದುಕನನ್ನು ಕೆಣಕಿ, ಒಳಗೆ ಉಳಿದಿದ್ದ ಕೊಳಕನ್ನೆಲ್ಲ ಬಾಯಿಗೆ ಬರಿಸಿ, ಅದನ್ನು ಹಿಡಿದಿಟ್ಟುಕೊಳ್ಳುತ್ತಿದ್ದಾನೆ. ನಾಳೆ ಅದು ಊರವರ ಮೊಬೈಲಿನಲ್ಲೆಲ್ಲ ಓಡಾಡುತ್ತದೆ. ನೋಡಿ, ಇವರ ಮನೆಯವರು ಹೀಗೆ ಎಂದು ಜನ ನಗುತ್ತಾರೆ. ಇಲ್ಲವೇ ಪೊಲೀಸರಿಗೆ ಕೊಡುತ್ತಾನೆ.

ಒಳಗೆ ನುಗ್ಗಿದೆ. ಅಪ್ಪನ ಬಾಯಿ ಮುಚ್ಚಿತು. ಮೇಜಿನ ಮೇಲೆ ಅವನ ನೋಟ್‌ಬುಕ್ ತೆರೆದಿತ್ತು. ಪುಟ ತುಂಬ ಬೈಗುಳ, ಒಂದೊಂದರ ಮುಂದೆ ದಿನಾಂಕ, ಸರಿ ಗುರುತು. ಪಟ್ಟಿ ಮಾಡಿಟ್ಟಿದ್ದಾನೆ. ಅವನು ಎದ್ದು ನಿಂತು, ನಾನು ಹೇಳ್ತೀನಿ ಕೇಳಿ ಎನ್ನುತ್ತಲೇ ಇದ್ದ. ನನಗೆ ಏನೂ ಕೇಳುವುದಿರಲಿಲ್ಲ. ಈಗಲೇ ಹೊರಡು ಎಂದೆ. ಸಿಟ್ಟಿನಲ್ಲಿ ಒಂದೆರಡು ಮಾತು ಜಾಸ್ತಿ ಬಂದಿರಬಹುದು. ಯಾರಿಗಾದರೂ ಬರುತ್ತವೆ.

ನೋಟ್‌ಬುಕ್ ಮಾತ್ರ ನಾನೇ ಇಟ್ಟುಕೊಂಡೆ.

ಮಾರ್ಚ್ 22, ಶನಿವಾರ

ಅಕ್ಕ ಒಳ್ಳೆಯ ಕೆಲಸ ಮಾಡಿದೆ ಎಂದಳು. ಅಪ್ಪ ಊಟ ಮಾಡಲಿಲ್ಲ.

ಮಾರ್ಚ್ 25, ಮಂಗಳವಾರ

ರಜೆ ಹಾಕಿದ್ದೇನೆ. ಎರಡು ಗಂಟೆಗೆ ಟಿವಿ ಹಾಕಿದೆ. ಅಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಮಾರ್ಚ್ 28, ಶುಕ್ರವಾರ

ಈಗ ಛೆ ಕೂಡ ಇಲ್ಲ.

ಏಪ್ರಿಲ್ 2, ಬುಧವಾರ

ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ. ಮಾತಿನ ಡಾಕ್ಟರು ನನಗಿಂತ ಚಿಕ್ಕವಳು, ಕತ್ತರಿ ಹಾಕಿದ ಹಾಗೆ ಮಾತಾಡುತ್ತಾಳೆ. ಅಪ್ಪನಿಗೆ ಚಿತ್ರಗಳನ್ನು ತೋರಿಸಿದಳು. ಅಪ್ಪ ಬಾಯಿ ಬಿಡಲಿಲ್ಲ. ಅವಳು ನನ್ನ ಕಡೆ ತಿರುಗಿ, ಹೋಮ್ ನರ್ಸ್ ಎಲ್ಲಿ, ಎರಡು ವಾರದಿಂದ ರೆಕಾರ್ಡಿಂಗ್ ಯಾಕೆ ಬಂದಿಲ್ಲ ಎಂದು ಕೇಳಿದಳು.

ಯಾವ ರೆಕಾರ್ಡಿಂಗ್ ಎಂದೆ.

ಅವಳು ಫೈಲಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟಳು. ರೋಗಿಯ ಮಾತಿನ ಅಭ್ಯಾಸವನ್ನು ಮನೆಯಲ್ಲಿ ದಿನವೂ ರೆಕಾರ್ಡ್ ಮಾಡಿ ವಾರಕ್ಕೊಮ್ಮೆ ಡಾಕ್ಟರಿಗೆ ಕಳಿಸಲು ಮನೆಯವರ ಒಪ್ಪಿಗೆ. ಕೆಳಗೆ ನನ್ನ ಸಹಿ. ಒಂದು ಅಲ್ಪವಿರಾಮ ತಪ್ಪಿದರೂ ಬಿಡದವಳು ಇಡೀ ಕಾಗದವನ್ನೇ ಓದದೆ ಸಹಿ ಹಾಕಿದ್ದೆ.

ಅವಳು ವಿವರಿಸಿದಳು. ಸ್ವಂತ ಮಾತು ಹುಟ್ಟುವ ದಾರಿ ಕೆಟ್ಟಾಗಲೂ ಕೆಲವರಿಗೆ ಬಾಯಿಪಾಠದ ಮಾತು ಬರುತ್ತದಂತೆ. ಕೆಲವರಿಗೆ ಹಾಡು, ಕೆಲವರಿಗೆ ಪ್ರಾರ್ಥನೆ, ಕೆಲವರಿಗೆ ಮಗ್ಗಿ. ಆ ಎಳೆ ಹಿಡಿದು ನಿಧಾನಕ್ಕೆ ಬೇರೆ ಮಾತನ್ನು ಎಳೆಯಬೇಕಂತೆ. ಅಪ್ಪನಿಗೆ ಹಾಡು ಬಾರದು, ಪ್ರಾರ್ಥನೆ ಬಾರದು. ಟಿವಿಯ ಮುಂದೆ ಅಪ್ಪನ ತುಟಿ ಓನರ್ ಜೊತೆ ಅಲುಗುವುದನ್ನು ಮೊದಲ ದಿನವೇ ಕಂಡವನು ಹೋಮ್ ನರ್ಸ್. ಡಾಕ್ಟರಿಗೆ ಫೋನ್ ಮಾಡಿದವನೂ ಅವನೇ. ಅಪ್ಪ ಓನರ್, ಅವನು ಮೇಷ್ಟ್ರು. ದಿನಾ ಸೀರಿಯಲ್ ಮುಗಿದ ಮೇಲೆ ಅರ್ಧ ಗಂಟೆ ಅಭ್ಯಾಸ. ಮೂರು ಪದದಿಂದ ಹನ್ನೊಂದು ವಾಕ್ಯದ ತನಕ ಬಂದಿತ್ತು ಎಂದಳು. ಅವಳು ಹೇಳುವಾಗ ನನ್ನ ಮುಖ ನೋಡಲಿಲ್ಲ, ಅಷ್ಟು ಉಪಕಾರ ಮಾಡಿದಳು.

ಪಟ್ಟಿಯ ಬೈಗುಳಗಳೆಲ್ಲ ಸೀರಿಯಲ್ಲಿನವು. ನಾನು ಹೇಗೆ ಗುರುತಿಸಲಿ? ಅಪ್ಪ ಜೀವಮಾನವೆಲ್ಲ ಮಾತಾಡಿದ್ದು ಹಾಗೆಯೇ.

ಆದರೂ ನನಗೆ ಅವನು ಕೂರಿಸಿ ಹೇಳಬಹುದಿತ್ತು. ಯಾಕೆ ಹೇಳಲಿಲ್ಲ?

ಏಪ್ರಿಲ್ 4, ಶುಕ್ರವಾರ

ಅವನಿಲ್ಲದಿದ್ದರೆ ಏನಂತೆ, ನಾನೇ ಮಾಡುತ್ತೇನೆ ಎಂದುಕೊಂಡೆ. ನೋಟ್‌ಬುಕ್ ಹಿಡಿದು ಸ್ಟೂಲಿನ ಮೇಲೆ ಕೂತು ಮೇಷ್ಟ್ರ ಮಾತು ಓದಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ಮಾತಿನ ಕೊನೆ ಎಳೆದು ಆಚೆ ದಡದವರ ಹಾಗೆ ಹೇಳಿ ನೋಡಿದೆ. ಅಪ್ಪನಿಗೆ ಅಸಹ್ಯವಾಯಿತು, ಮುಖದಲ್ಲೇ ಕಂಡಿತು. ನನ್ನನ್ನು ಬಯ್ಯಿ ಅಪ್ಪ, ಒಂದೇ ಒಂದು ಮಾತು ಬಯ್ಯಿ ಎಂದು ಗೋಗರೆದೆ. ಬಾಯಿ ತೆರೆದ, ಒದ್ದಾಡಿದ, ಕೊನೆಗೆ “ಬೇಡ” ಎಂದ. ಎಂಟು ದಿನದಲ್ಲಿ ಮೊದಲ ಮಾತು.

ಸಂಜೆ ಏಜೆನ್ಸಿಗೆ ಫೋನ್ ಮಾಡಿ ವಿಳಾಸ ಕೇಳಿದೆ. ಅಲ್ಲಿನ ಹೆಂಗಸು ಕೊಡುವುದಿಲ್ಲ ಎಂದಳು. ಆಮೇಲೆ ಅವಳೇ ಫೋನ್ ಮಾಡಿ, ಅವರನ್ನು ಕೇಳಿದೆ, ಬೇಕಾದರೆ ಬರಲಿ ಎಂದರು ಎಂದಳು.

ಬೇಕಾದರೆ. ಆ ಮಾತಿನ ಅರ್ಥವೇನು?

ಏಪ್ರಿಲ್ 6, ಭಾನುವಾರ

ಈ ಊರಲ್ಲೇ ಹುಟ್ಟಿದವಳು, ನಲವತ್ತಾರು ವರ್ಷ. ಸೇತುವೆ ದಾಟಿ ಆಚೆಯ ಬೀದಿಗಳಲ್ಲಿ ನಡೆದದ್ದು ಇವತ್ತೇ ಮೊದಲು. ಕೆಳಮನೆಯ ಹೆಂಗಸನ್ನು ಅಪ್ಪನ ಹತ್ತಿರ ಕೂರಿಸಿ ಹೋದೆ. ಕೈಚೀಲವನ್ನು ಎದೆಗೆ ಅಪ್ಪಿಕೊಂಡಿದ್ದೆ. ಯಾರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಓಣಿಯ ಕೊನೆಯ ಮನೆ. ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ತೊಂಬತ್ತರ ಹತ್ತಿರದ ಒಬ್ಬ ಮುದುಕ ಕೂತಿದ್ದ. ಕೈಯಲ್ಲಿ ಕೋಲು. ಯಾರು, ಯಾವ ದಡ, ಏನು ಕೆಲಸ ಎಂದು ವಿಚಾರಣೆ ಶುರು ಮಾಡಿದ. ಹೇಳಿದೆ. ಕೋಲನ್ನು ಕುರ್ಚಿಯ ಆಚೆಗೂ ಚಾಚಿ ಬಾಗಿಲನ್ನು ಪೂರ್ತಿ ಮುಚ್ಚಿದ.

“ನಿಮ್ಮ ಕಡೆಯೋರು ನಮ್ಮ ಬೀದಿಗೆ ಬರೋದು ಎರಡಕ್ಕೇ. ಓಟಿಗೆ, ಇಲ್ಲಾಂದ್ರೆ ಜಪ್ತಿಗೆ. ನೀನು ಯಾವುದಕ್ಕೆ ಬಂದೆ?”

ನಿಮ್ಮ ಮಗನನ್ನು ನೋಡಲು ಎಂದೆ. ಕೈಚೀಲದಲ್ಲಿ ಏನಿದೆ ಎಂದು ಕೇಳಿದ. ತೆರೆದು ತೋರಿಸಿದೆ. ಬಿಸಿಲಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದ. ಒಂದು ಸಲವೂ ಕೂತುಕೋ ಎನ್ನಲಿಲ್ಲ. ನನ್ನ ಚಪ್ಪಲಿಯಿಂದ ಹಣೆಯ ತನಕ ನೋಡುತ್ತಿದ್ದ, ಮತ್ತೆ ಹಣೆಯಿಂದ ಚಪ್ಪಲಿಯ ತನಕ. ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಏನೂ ಕದಿಯದೆಯೇ ಕದ್ದವಳ ಹಾಗೆ ನನ್ನ ಮುಖ ಬಿಸಿಯಾಯಿತು.

ಅಷ್ಟರಲ್ಲಿ ಹೋಮ್ ನರ್ಸ್ ತರಕಾರಿ ಚೀಲ ಹಿಡಿದು ಬಂದರು. ತಂದೆಯ ಕೋಲನ್ನು ಮೆಲ್ಲಗೆ ಸರಿಸಿ ನನ್ನನ್ನು ಒಳಗೆ ಕರೆದರು. ಮಡಚಿದ ಬಟ್ಟೆಗಳನ್ನು ಎತ್ತಿಟ್ಟು ಕೂರಿಸಿ ಚಹಾ ಮಾಡಿ ಕೊಟ್ಟರು. ನಗಲಿಲ್ಲ. ಅವರ ಮುಖದಲ್ಲಿ ನಗು ಇಲ್ಲದ್ದನ್ನು ನೋಡಿದ್ದು ಇವತ್ತೇ ಮೊದಲು.

ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅಪ್ಪ ದಿನಾ ನಿಮ್ಮನ್ನು ಅಷ್ಟು ಬಯ್ದರಲ್ಲ, ಹೇಗೆ ತಡೆದುಕೊಂಡಿರಿ ಎಂದು ಕೇಳಿದೆ. ಅವರು ಲೋಟವನ್ನು ಕೆಳಗಿಟ್ಟರು.

“ನಿಮ್ಮಪ್ಪ ಬೈದಿದ್ದು ಸೀರಿಯಲ್ ಮಾತು ಮೇಡಂ. ನಂಗೇನೂ ಅನ್ನಿಸ್ಲಿಲ್ಲ. ನೀವು ಅವತ್ತು ಅಂದ್ರಲ್ಲ, ‘ನಿಮ್ಮೋರನ್ನ ಹೊಸ್ತಿಲ ಒಳಗೆ ಬಿಟ್ಟಿದ್ದೇ ತಪ್ಪು’ ಅಂತ, ಅದನ್ನ ಯಾರೂ ಬರೆದು ಕೊಟ್ಟಿರ್ಲಿಲ್ಲ. ಅದು ನಿಮ್ಮದೇ.”

ಹೌದು, ಹಾಗೆ ಅಂದಿದ್ದೆ. ಅದೇ ಮಾತು. ಇಲ್ಲಿ ಬರೆದಿರಲಿಲ್ಲ.

ಆಮೇಲೆ ಅವರು ಆ ಸೀರಿಯಲ್ಲಿನ ವಿಷಯ ಹೇಳಿದರು. ಅವರ ಓಣಿಗೆಲ್ಲ ಒಂದೇ ಟಿವಿ ಇತ್ತಂತೆ. ಎಲ್ಲರೂ ಒಟ್ಟಿಗೆ ಕೂತು ನೋಡುತ್ತಿದ್ದರಂತೆ. ಮೇಷ್ಟ್ರು ಉತ್ತರ ಕೊಟ್ಟಾಗ ಇಡೀ ಓಣಿಯೇ ನಗುತ್ತಿತ್ತು. ಅವರ ತಂದೆ ಮಾತ್ರ ನಗುತ್ತಿರಲಿಲ್ಲ. ಮೇಷ್ಟ್ರು ಕೈಕಟ್ಟಿ ನಿಂತಾಗಲೆಲ್ಲ ಟಿವಿಗೇ ಬಯ್ಯುತ್ತಿದ್ದರಂತೆ, ಬೆನ್ನು ನೆಟ್ಟಗೆ ಮಾಡೋ ಎಂದು. ಸೋಮವಾರ ಈಚೆ ದಡದ ಶಾಲೆಗೆ ಹೋದರೆ ಹುಡುಗರು ಸಾಲಾಗಿ ನಿಂತು ಓನರ್ ಮಾತುಗಳನ್ನು ಇವರ ಮೇಲೆ ಹೇಳುತ್ತಿದ್ದರು.

“ಆರು ವರ್ಷ ಕೇಳಿದೀನಿ. ಅದಕ್ಕೇ ನಂಗೂ ಬಾಯಿಪಾಠ” ಎಂದರು. “ನಗು ಬರ್ತಿತ್ತು, ಅಳುನೂ ಬರ್ತಿತ್ತು. ಒಂದು ದಿನಕ್ಕಾದ್ರೂ ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ ಅಂತ ಮಾಡಿದೆ.”

ತಪ್ಪಾಯಿತು ಎಂದೆ. ಅಪ್ಪನ ಬಾಯಿಂದ ಆ ಪದವನ್ನು ನಾನು ಕೇಳಿಯೇ ಇಲ್ಲ. ನನ್ನ ಬಾಯಿಂದಲೂ ಸಲೀಸಾಗಿ ಬರಲಿಲ್ಲ.

ಅವರು ಸರಿ ಎನ್ನಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಮೊದಲಿನ ಹಾಗೆ ದಿನಾ ಬರಲು ಆಗುವುದಿಲ್ಲ ಎಂದರು. ತಂದೆಯನ್ನು ನೋಡಿಕೊಳ್ಳುತ್ತಿದ್ದ ತಂಗಿ ಬೇರೆ ಊರಿಗೆ ಹೋಗಿದ್ದಾಳಂತೆ. ಅವರೊಬ್ಬರನ್ನೇ ಬಿಟ್ಟು ಬರುವ ಹಾಗಿಲ್ಲ. ನಾನು ಹಿಂದುಮುಂದು ಯೋಚಿಸದೆ, ಹಾಗಾದರೆ ಅವರನ್ನೂ ಕರೆದುಕೊಂಡು ಬನ್ನಿ ಎಂದೆ.

ಬಾಗಿಲಿನಿಂದ ಮುದುಕ ಕೂಗಿದ: “ನಾನು ಆ ದಡಕ್ಕೆ ಕಾಲಿಡಲ್ಲ.”

ಏಪ್ರಿಲ್ 9, ಬುಧವಾರ

ಇಟ್ಟರು. ಕೋಲು ಮೊದಲು ಬಂತು, ಹಿಂದೆ ಆ ಹಿರಿಯರು. ಹೊಸ್ತಿಲಲ್ಲೇ ನಿಂತು ಮನೆಯನ್ನೆಲ್ಲ ಕಣ್ಣಿನಲ್ಲೇ ಜಪ್ತಿ ಮಾಡಿದರು. ಗೋಡೆಯಲ್ಲಿ ಬಿರುಕಿದೆ ಎಂದರು. ನನ್ನ ಚಹಾಕ್ಕೆ ಸಕ್ಕರೆ ಕಮ್ಮಿ ಎಂದರು. ಇವರ ಮಗ ಅಷ್ಟು ನಗುವುದನ್ನು ಯಾಕೆ ಕಲಿತರು ಎಂದು ನನಗೆ ತಿಳಿಯಿತು. ಮನೆಯಲ್ಲಿ ಒಬ್ಬರಾದರೂ ನಗಬೇಕಲ್ಲ.

ಎರಡು ಗಂಟೆಗೆ ಮೊದಲು ಹೋಮ್ ನರ್ಸ್ ಅಪ್ಪನನ್ನು ಬಚ್ಚಲಿಗೆ ನಡೆಸಿಕೊಂಡು ಹೋಗಿದ್ದರು. ವಾಪಸ್ಸು ಬರುವಷ್ಟರಲ್ಲಿ ಆ ಹಿರಿಯರು ಟಿವಿಯ ಮುಂದೆ ಅಪ್ಪನ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ಮೂವತ್ತು ವರ್ಷದಿಂದ ಆ ಕುರ್ಚಿಯಲ್ಲಿ ಅಮ್ಮ ಕೂತಿಲ್ಲ, ನಾವು ಕೂತಿಲ್ಲ.

ಅಪ್ಪ ಬಾಗಿಲಲ್ಲಿ ನಿಂತ. ಅಸ್ಪಷ್ಟವಾಗಿ ಏನೋ ಅಂದ. ಮುಖಕ್ಕೆ ರಕ್ತ ನುಗ್ಗಿತು. ಓನರ್ ಮಾತೇ ಬರುತ್ತದೆ ಎಂದು ನಾನು ಕಾದೆ.

“ಅದು,” ಎಂದ ಅಪ್ಪ. “ಅದು... ನನ್ನ ಕುರ್ಚಿ. ಏಳು.”

ಹಿರಿಯರು ತಿರುಗಿಯೂ ನೋಡಲಿಲ್ಲ. “ಇದಕ್ಕೆ ಟಿಕೆಟ್ ತಗೊಂಡಿದೀಯಾ?” ಎಂದರು.

“ಏಳೋ... ಮುದುಕ.”

ಹೋಮ್ ನರ್ಸ್ ಅಪ್ಪನ ತೋಳನ್ನು ಹಿಡಿದೇ ನನ್ನ ಕಡೆ ನೋಡಿದರು. ಇದು ಪಟ್ಟಿಯಲ್ಲಿಲ್ಲ ಎಂದರು, ಬಹಳ ಮೆಲ್ಲಗೆ. ನನಗೂ ಗೊತ್ತಿತ್ತು. ಸೀರಿಯಲ್ಲಿನ ಯಾವ ಕಂತಿನಲ್ಲೂ ಕುರ್ಚಿಯ ಮಾತಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ನಿಂತೆ. ಚಿಕ್ಕಂದಿನಿಂದ ಅಪ್ಪನ ಯಾವ ನಾಲಿಗೆಗೆ ನಾಚಿ ತಲೆತಗ್ಗಿಸಿದ್ದೆನೋ ಅದೇ ನಾಲಿಗೆ ಅದು. ಬಿಟ್ಟ ನೀರು ಹರಿಯುತ್ತಲೇ ಇತ್ತು. ಆಮೇಲೆ ಎರಡನೆಯ ಕುರ್ಚಿ ತಂದು ಪಕ್ಕದಲ್ಲಿ ಹಾಕಿದೆ.

ಏಪ್ರಿಲ್ 16, ಬುಧವಾರ

ವಾರಕ್ಕೆ ಮೂರು ದಿನ ಬರುತ್ತಾರೆ. ಸೀರಿಯಲ್ ಈಗ ಹೆಸರಿಗೆ ಮಾತ್ರ. ಹಿರಿಯರು ಹೊಸ ಜಗಳ ತೆಗೆದಿದ್ದಾರೆ. ಐವತ್ತು ವರ್ಷದ ಹಿಂದೆ ಬೆಳಗಿನ ರೈಲಿನಲ್ಲಿ ಅಪ್ಪ ಅವರ ಟಿಕೆಟ್ಟನ್ನು ಮೂರು ಸಲ ನೋಡಿ, ನಕಲಿ ಎಂದು ನಡುವಿನ ಸ್ಟೇಷನ್ನಿನಲ್ಲಿ ಇಳಿಸಿದನಂತೆ. ಅವತ್ತು ಅವರು ತಂಗಿಯ ಮದುವೆಗೆ ಹೊರಟಿದ್ದರಂತೆ. ಮುಟ್ಟುವಷ್ಟರಲ್ಲಿ ಮದುವೆ ಮುಗಿದಿತ್ತು.

“ಟಿಕೆಟ್ ಇರ್ಲಿಲ್ಲ” ಎಂದ ಅಪ್ಪ.

“ಇತ್ತು.”

“ಇರ್ಲಿಲ್ಲ.”

ಒಂದು ಗಂಟೆ ಇಷ್ಟೇ. ಅಡುಗೆಮನೆಯಲ್ಲಿ ಹೋಮ್ ನರ್ಸ್ ನನಗೆ ಹೇಳಿದರು: ನಮ್ಮಪ್ಪ ರೈಲ್ವೆಯವರು ಯಾರು ಕಂಡರೂ ಇದನ್ನೇ ಹೇಳುತ್ತಾರೆ, ಇಳಿಸಿದ್ದು ನಿಜ, ಯಾರು ಇಳಿಸಿದ್ದು ಎಂದು ಅವರಿಗೂ ಗೊತ್ತಿಲ್ಲ. ಅಪ್ಪನೇ ಇರಬಹುದು, ಇಲ್ಲದೆಯೂ ಇರಬಹುದು. ಎರಡು ಸಲ ನೋಡುವವನು ಮೂರು ಸಲ ನೋಡದೆ ಇರುತ್ತಾನೆಯೇ?

ಅಕ್ಕ ಫೋನ್ ಮಾಡಿದ್ದಳು. ಈಗ ಇಬ್ಬರನ್ನು ಒಳಗೆ ಬಿಟ್ಟಿದ್ದೀಯಾ, ತಲೆ ಕೆಟ್ಟಿದೆಯಾ ಎಂದಳು. ಆಲೂಗಡ್ಡೆ ಬೇಯುತ್ತಿದೆ, ಆಮೇಲೆ ಮಾತಾಡುತ್ತೇನೆ ಎಂದು ಇಟ್ಟೆ.

ಏಪ್ರಿಲ್ 20, ಭಾನುವಾರ

ಬೆಳಿಗ್ಗೆ ಅಪ್ಪನ ಉಗುರು ಕತ್ತರಿಸುತ್ತಿದ್ದೆ. ಎಡಗೈ ಮುಗಿಸಿ ಬಲಗೈ ಹಿಡಿದಾಗ ಅಪ್ಪ ಕಿಟಕಿಯ ಕಡೆ ನೋಡುತ್ತಾ, “ಇತ್ತೇನೋ” ಎಂದ.

ಏನು ಎಂದು ಕೇಳಲಿಲ್ಲ. ಉಳಿದ ಉಗುರುಗಳನ್ನು ಕತ್ತರಿಸಿದೆ.

ಏಪ್ರಿಲ್ 25, ಶುಕ್ರವಾರ

ಹಿರಿಯರಿಗೆ ಜ್ವರ. ಬುಧವಾರ ಬರಲಿಲ್ಲ, ಇವತ್ತೂ ಬರುವುದಿಲ್ಲ ಎಂದು ಅವರ ಮಗ ಬೆಳಿಗ್ಗೆ ಫೋನ್ ಮಾಡಿ ಹೇಳಿದರು. ಗಾಬರಿಪಡುವಂಥದ್ದಲ್ಲ, ಆದರೆ ಎದ್ದಿಲ್ಲ ಎಂದರು. ಅಪ್ಪನಿಗೆ ಹೇಳಿದೆ. ಅಪ್ಪ ನಂಬಲಿಲ್ಲ.

“ಸುಳ್ಳು,” ಎಂದ. “ನಾಟಕ. ಸೋತ... ಅದಕ್ಕೆ.”

ಎರಡು ಗಂಟೆಗೆ ಟಿವಿ ಹಾಕಿದೆ. ಓನರ್ ಮೆಟ್ಟಿಲು ಹತ್ತುತ್ತಿದ್ದ. ಅಪ್ಪ ಎಡಗೈಯಿಂದ ರಿಮೋಟ್ ತೆಗೆದುಕೊಂಡು ಆರಿಸಿದ. ಪಕ್ಕದ ಖಾಲಿ ಕುರ್ಚಿಯನ್ನು ನೋಡಿದ, ಬಾಗಿಲನ್ನು ನೋಡಿದ, ಮತ್ತೆ ಕುರ್ಚಿಯನ್ನು ನೋಡಿದ. ಆಮೇಲೆ “ಅಂಗಿ” ಎಂದ. ಯಾವ ಅಂಗಿ ಎಂದೆ. ಹೊರಗೆ ಹೋಗುವ ಅಂಗಿ.

ಕೆಳಗಿಳಿಸುವುದೇ ಒಂದು ಸಾಹಸವಾಯಿತು. ಕೆಳಮನೆಯ ಹೆಂಗಸು, ಅವಳ ಗಂಡ, ನಾನು, ಮೂವರೂ ಸೇರಿ ಹತ್ತೊಂಬತ್ತು ಮೆಟ್ಟಿಲಿಗೆ ಕಾಲು ಗಂಟೆ. ಟ್ಯಾಕ್ಸಿಯವನಿಗೆ ಓಣಿಯ ಗುರುತು ಹೇಳಿದೆ. ಅವನು ಕನ್ನಡಿಯಲ್ಲಿ ನಮ್ಮಿಬ್ಬರನ್ನು ನೋಡಿದ. ಆಚೆ ದಡಕ್ಕಾ, ಇಂಥ ಸ್ಥಿತಿಯಲ್ಲಿರೋರನ್ನ ಕರ್ಕೊಂಡು ಅಲ್ಲಿ ನಿಮಗೇನು ಕೆಲಸ, ಜಾಗ ಅಷ್ಟು ಸರಿಯಿಲ್ಲ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮುಂದಿನ ಸೀಟಿನ ಬೆನ್ನನ್ನು ಎಡಗೈಯಿಂದ ಹಿಡಿದುಕೊಂಡ.

“ಅಲ್ಲಿ... ಒಬ್ಬ ಸುಳ್ಳುಗಾರ ಇದಾನೆ,” ಎಂದ. “ನೋಡ್ಬೇಕು.”

ಟ್ಯಾಕ್ಸಿಯವನು ತಿರುಗಿ ನನ್ನ ಮುಖ ನೋಡಿದ.

ಹೊರಡಿ ಎಂದೆ.